ಜಾಗ ಸಾಲದ ಊರು

ಮಿತಿ ಹೇಳುವವರಿಗೂ ಮಳೆ ಹೇಳುವವರಿಗೂ ಒಂದೇ ಗತಿ. ಹೇಳಿದ್ದು ಆಗದಿದ್ದರೆ ಜನ ನಗುತ್ತಾರೆ. ಆಗಿಬಿಟ್ಟರೆ ಇವಳ ಬಾಯಿಂದಲೇ ಕೇಡು ಬಂತು ಎಂದು ಬೈಯುತ್ತಾರೆ. ನಾನು ಮಿತಿ ಹೇಳುವವಳು. ಒಂದು ಚಿಪ್‌ನೊಳಗೆ ಇನ್ನೆಷ್ಟು ತುರುಕಬಹುದು, ಯಾವಾಗ ಇನ್ನು ಸಾಕು ಎನ್ನಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಮೇಲಿನವರಿಗೆ ತಿಳಿಸುವುದಕ್ಕೆ ನನಗೆ ಸಂಬಳ.

ಈ ಕಸುಬಿನಲ್ಲಿ ನನಗಿಂತ ಹಿಂದೆ ಇದ್ದವರೆಲ್ಲ ಮುಖಭಂಗ ಮಾಡಿಕೊಂಡವರೇ. ಇಲ್ಲಿಗೆ ಮುಗಿಯಿತು, ಇದಕ್ಕಿಂತ ಚಿಕ್ಕದು ಮಾಡಲಾಗದು ಎಂದು ಅವರು ಹೇಳಿದಾಗಲೆಲ್ಲ ಯಾವನೋ ಒಬ್ಬ ಎಂಜಿನಿಯರ್ ಇನ್ನೊಂದು ಸಂದಿ ಹುಡುಕಿದ. ಒಂದು 'ಹೌದು' ಅಥವಾ ಒಂದು 'ಅಲ್ಲ' ಬರೆದಿಡಲು ಮೊದಲು ಲಕ್ಷಾಂತರ ಪರಮಾಣು ಬೇಕಿತ್ತು. ಅದು ಸಾವಿರಕ್ಕೆ ಇಳಿಯಿತು, ಹತ್ತಕ್ಕೆ ಇಳಿಯಿತು, ಕೊನೆಗೆ ಒಂದೇ ಪರಮಾಣುವಿನ ಮೇಲೆ ಬರೆಯುವುದನ್ನು ಕಲಿತರು. ಅಲ್ಲಿಗೂ ಬಿಡಲಿಲ್ಲ, ಪರಮಾಣುವಿನ ಒಳಗಿನ ಬೀಜ ಯಾವ ಕಡೆಗೆ ತಿರುಗಿ ನಿಂತಿದೆ ಎಂಬುದರಲ್ಲೂ ಬರೆದರು. ಅದಕ್ಕಿಂತ ಚಿಕ್ಕ ಹಲಗೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ಹಾಗಾಗಿ ನನ್ನ ಕಾಲಕ್ಕೆ ಮಿತಿ ನಿಜವಾಗಿಯೂ ಎದುರಿಗೆ ಬಂದು ನಿಂತಿತ್ತು.

ಅದು ನಿಂತದ್ದು ಚಳ್ಳಕೆರೆ ಸೀಮೆಯ ಹಿರೇಕಣಿ ಎಂಬ ನಮ್ಮ ಊರಿನ ಕೆಳಗೆ. ಹಿಂದೆ ಇಲ್ಲಿ ತಾಮ್ರದ ಗಣಿ ಇತ್ತು. ಗಣಿ ಮುಚ್ಚಿದ ಮೇಲೆ, ಆಕಾಶದ ಕಿರಣಗಳೂ ಮುಟ್ಟದಷ್ಟು ಆಳದ ಜಾಗ ಎಂದು ಕಂಪನಿಯೊಂದು ಅದನ್ನು ಹಿಡಿದು ಒಳಗೆ ದತ್ತಾಂಶ ಕೂಡಿಡುವ ಕೋಶ ಕಟ್ಟಿತು. ಊರಿನವರ ಬಾಯಲ್ಲಿ ಅದು ಬಿಲ. "ಸೊಸೆ ಬಿಲಕ್ಕೆ ಹೋದ್ಲಾ?" ಎಂದು ನಮ್ಮತ್ತೆಯನ್ನು ಕೇಳುತ್ತಾರೆ. ನಾಡಿನ ಅರ್ಧ ಜನರ ಫೋಟೊ, ವಿಡಿಯೊ, ಆಸ್ಪತ್ರೆಯ ಸ್ಕ್ಯಾನು, ಮದುವೆಯ ಆಲ್ಬಮ್ಮು ಎಲ್ಲ ಅದರೊಳಗಿತ್ತು. ಸತ್ಯ ಹೇಳಬೇಕೆಂದರೆ ಬಹುಪಾಲು ಇದ್ದದ್ದು ಗುಲಾಬಿ ಹೂವಿನ ಮೇಲೆ 'ಶುಭೋದಯ' ಎಂದು ಬರೆದ ಚಿತ್ರಗಳು.

ಜಾಗ ಉಳಿಸಲು ನಾವು ಒಂದು ಉಪಾಯ ಮಾಡಿದ್ದೆವು. ಎಲ್ಲ ಕಡೆಯವರೂ ಮಾಡುವಂಥದ್ದೇ. ಇಬ್ಬರು ಒಂದೇ ಗುಲಾಬಿ ಕಳಿಸಿದರೆ ಕೋಶ ಒಂದನ್ನು ಮಾತ್ರ ಇಟ್ಟುಕೊಂಡು, ಇನ್ನೊಂದರ ಜಾಗದಲ್ಲಿ 'ಅಲ್ಲಿ ನೋಡಿ' ಎಂಬ ಗುರುತು ಹಾಕುತ್ತದೆ. ಜಾಗ ತೀರಾ ಬಿಗಿಯಾದಾಗ 'ಹೆಚ್ಚುಕಡಿಮೆ ಒಂದೇ' ಎನ್ನುವುದನ್ನೂ 'ಒಂದೇ' ಎಂದು ಎಣಿಸುತ್ತದೆ. ಮುಂದೆ ಜಾಗ ಬಿಡುವಾದರೆ, ಉಳಿಸಿಕೊಂಡಿದ್ದ ಒಂದನ್ನೇ ನಕಲು ಮಾಡಿ ಮತ್ತೆ ಎರಡು ಮಾಡಿಕೊಡುತ್ತದೆ. ಚೂರುಪಾರು ವ್ಯತ್ಯಾಸ ಹೋಯಿತೆಂದು ಒಬ್ಬರೂ ದೂರು ಕೊಟ್ಟಿರಲಿಲ್ಲ.

ಇದಿಷ್ಟು ನೆನಪಿರಲಿ. ಇನ್ನು ಮನೆಯ ವಿಷಯ.

ನನಗೆ ಅವಳಿ ಹೆಣ್ಣುಮಕ್ಕಳು, ಆರು ವರ್ಷದವರು. ಹೆಸರಿಟ್ಟವರು ನಮ್ಮತ್ತೆ ತಿಪ್ಪಮ್ಮ: ಹೊನ್ನಮ್ಮ, ಚಿನ್ನಮ್ಮ. "ಒಬ್ಬಳ ಹೆಸ್ರು ಇನ್ನೊಬ್ಬಳದಕ್ಕಿಂತ ತೂಕ ಆಗಬಾರ್ದು" ಎಂದು ಬೇಕೆಂದೇ ಒಂದೇ ಅರ್ಥದ ಎರಡು ಹೆಸರು ಹುಡುಕಿದ್ದರು. ಅವಳಿಗಳಲ್ಲಿ ಭೇದ ಮಾಡಿದರೆ ಒಂದು ಕೂಸು ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಹೊನ್ನಿಗೆ ಜ್ವರ ಬಂದರೆ ಚಿನ್ನಿಯ ಬಾಯಿಗೂ ಒಂದು ತೊಟ್ಟು ಔಷಧಿ. ಚಿನ್ನಿ ಮಂಡಿ ತರಚಿಕೊಂಡರೆ ಹೊನ್ನಿಯ ಮಂಡಿಗೂ ಅರಿಶಿನ. ಒಂದೇ ಥರದ ಲಂಗ, ಒಂದೇ ಬಣ್ಣದ ಟೇಪು, ಎರಡೆರಡು ಜಡೆ. ಬೀದಿಯವರಿರಲಿ, ಹೆತ್ತ ಅಪ್ಪನಿಗೇ ಗುರುತು ಹತ್ತುತ್ತಿರಲಿಲ್ಲ. ನನ್ನ ಗಂಡ ಪಾಲಯ್ಯ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವವರು. ಅಂಗಡಿಯಿಂದ ಬಂದವರೇ "ಏ ಹೊನ್ನಿಚಿನ್ನಿ" ಎಂದು ಎರಡೂ ಹೆಸರು ಸೇರಿಸಿ ಕೂಗಿ, ಯಾರು ಓಡಿ ಬಂದರೆ ಅವರಿಗೆ ಕೆಲಸ ಹೇಳುತ್ತಿದ್ದರು.

ನನಗೆ ಮಾತ್ರ ಗುರುತು ಹತ್ತುತ್ತಿತ್ತು. ಚಿನ್ನಿಯ ಎಡಗಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಮಚ್ಚೆ ಇತ್ತು. ಅದಕ್ಕಿಂತ ಸುಲಭದ ಗುರುತು ಊಟದ ತಟ್ಟೆ. ಹೊನ್ನಿಗೆ ಕರಿಬೇವು ಕಂಡರಾಗದು. ಒಂದೊಂದೇ ಎಲೆ ಆಯ್ದು ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಾಳೆ. ಚಿನ್ನಿ ತನ್ನ ಪಾಲಿನದನ್ನು ಅಗಿದು ನುಂಗಿ, ಅಕ್ಕನ ಅಂಚಿನದಕ್ಕೂ ಕೈ ಹಾಕುತ್ತಾಳೆ. "ನೀನು ನನ್ ಮೇಕೆ ಕಣೇ" ಎಂದು ನಾನು ಹೇಳಿದರೆ ಬಾಯಿತುಂಬ ಎಲೆ ಇಟ್ಟುಕೊಂಡು "ಮ್ಯಾ" ಎನ್ನುತ್ತಿದ್ದಳು. ಇಬ್ಬರೂ ನನ್ನ ಮಕ್ಕಳೇ. ಆದರೂ ಆ "ಮ್ಯಾ" ಕೇಳಿಯೇ ನಾನು ಕೆಲಸಕ್ಕೆ ಹೊರಡುತ್ತಿದ್ದೆ.

ಕಾರ್ತೀಕದ ಹೊತ್ತಿಗೆ ಕೋಶ ತುಂಬುತ್ತದೆ, ಅಷ್ಟರೊಳಗೆ ಹೊಸ ದತ್ತಾಂಶ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಂದು ನಾನು ಬರೆದುಕೊಟ್ಟಿದ್ದೆ. ಕಾರ್ತೀಕ ಬಂತು, ಹೋಯಿತು. ಕೋಶ ತುಂಬಲಿಲ್ಲ. ಎಷ್ಟು ಸುರಿದರೂ ಹಿಡಿಸಿಕೊಳ್ಳುತ್ತಲೇ ಇತ್ತು. ಬೆಂಗಳೂರಿನಲ್ಲಿ ಕೂತ ನಮ್ಮ ನಿರ್ದೇಶಕರು ಡಾ. ಸೋಮಯಾಜಿ ತೆರೆಯ ಮೇಲೆ ಕಾಣಿಸಿಕೊಂಡು, "ಚಂದ್ರಕಲಾ ಮೇಡಂ, ನಿಮ್ಮ ಮಿತಿಗೆ ನಮ್ಮ ಶ್ರದ್ಧಾಂಜಲಿ" ಎಂದು ನಕ್ಕರು. ಕೆಳಗೆ ಕೆಲಸ ಮಾಡುವ ನಮ್ಮಿಬ್ಬರಿಗೂ ಮೈಸೂರು ಪಾಕು, ಖಾರ ಬೂಂದಿ ಬಂತು. ನಾನೂ ತಿಂದೆ, ಹೊಟ್ಟೆಗೆ ಯಾಕೆ ಸಿಟ್ಟು.

ಆದರೆ ತಲೆ ಸುಮ್ಮನಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ನನ್ನ ಪಕ್ಕ ಕೂರುವ ನಸೀಮಾಳಿಗೆ ಹೇಳಿದೆ: "ಕೊಡ ತುಂಬಿದ ಮೇಲೂ ನೀರು ಹಿಡಿಸ್ತಿದೆ ಅಂದ್ರೆ ಕೊಡ ದೊಡ್ಡದು ಅಂತಲ್ಲ. ಎಲ್ಲೋ ತೂತು ಬಿದ್ದಿದೆ ಅಂತ."

"ತೂತು ಬಿದ್ರೆ ಕೆಳಗೆ ಒದ್ದೆ ಆಗ್ಬೇಕಲ್ಲ ಅಕ್ಕಾ," ಎಂದಳು ನಸೀಮಾ. "ಏನೂ ಕಳ್ದಿಲ್ಲ. ಹಾಕಿದ್ದೆಲ್ಲ ಹಾಕಿದ ಹಾಗೇ ಇದೆ. ಎಲ್ಲಿಂದ ಬಂತು ಈ ಜಾಗ?"

ಒದ್ದೆಯಾದದ್ದು ಎಲ್ಲಿ ಎಂದು ನನಗೆ ಗೊತ್ತಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಅತ್ತೆ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ನಾನೂ ಕೂತು ಒಂದು ಕಾಯಿ ಒಡೆದೆ. ಎರಡು ಬೀಜ, ಒಂದರ ಸಿಪ್ಪೆ ಮೂಗಿನ ಹತ್ತಿರ ಚೂರು ಸುಲಿದಿತ್ತು. ಇನ್ನೊಂದು ಒಡೆದೆ. ಎರಡು ಬೀಜ, ಒಂದರ ಸಿಪ್ಪೆ ಮೂಗಿನ ಹತ್ತಿರ ಚೂರು ಸುಲಿದಿತ್ತು. ಮೊರದಲ್ಲಿದ್ದ ಕಾಯಿಗಳನ್ನೆಲ್ಲ ಹರಡಿ ನೋಡಿದೆ. ಎಲ್ಲವಕ್ಕೂ ಸೊಂಟ ಒಂದೇ ಕಡೆ ಸಣ್ಣ, ಎಲ್ಲವಕ್ಕೂ ಒಂದೇ ಜಾಗದಲ್ಲಿ ಮಣ್ಣಿನ ಕಲೆ.

"ಅತ್ತೆ, ಇವೆಲ್ಲ ಒಂದೇ ಥರ ಇದಾವಲ್ಲ?"

"ಬೀಜ ಚಲೋದು, ಅದಕ್ಕೇ ಒಂದೇ ಸಮ ಬಂದೈತೆ," ಎಂದರು ಅತ್ತೆ. "ಯಾವತ್ತು ಬ್ಯಾರೆ ಥರ ಇತ್ತು?"

ಮರುದಿನ ಕೆಳಗೆ ಹೋದಾಗ ನನ್ನ ಮೇಜಿನ ಡ್ರಾಯರಿನಲ್ಲಿ ಹಳೆಯ ಪೊಟ್ಟಣವೊಂದು ಸಿಕ್ಕಿತು, ಇದೇ ಊರಿನ ಶೇಂಗಾ. ಸುರಿದು ನೋಡಿದೆ. ಒಂದು ಉದ್ದ, ಒಂದು ಗಿಡ್ಡ, ಒಂದು ಗೊಡ್ಡು, ಒಂದಕ್ಕೆ ಮೂರು ಬೀಜ. ಯಾವ ಎರಡೂ ಒಂದೇ ಥರ ಇರಲಿಲ್ಲ. ಅದರಲ್ಲಿ ಒಂದು ಹಿಡಿ ತೆಗೆದುಕೊಂಡು ಲಿಫ್ಟ್ ಹತ್ತಿದೆ. ಕೈಯೊಳಗೆ ಒಂದೊಂದರ ಒರಟು, ಮೊನೆ, ಉಬ್ಬು ಬೇರೆ ಬೇರೆಯಾಗಿ ತಗುಲುತ್ತಿತ್ತು. ಲಿಫ್ಟ್ ಏರುತ್ತಾ ಹೋದಂತೆ ಬೆಳಕು ಬಂತು, ಬಾಗಿಲು ತೆರೆಯಿತು. ಮುಷ್ಟಿ ಬಿಚ್ಚಿದೆ. ಎಲ್ಲವೂ ಒಂದೇ ಥರ ಇದ್ದವು. ಎಲ್ಲವಕ್ಕೂ ಒಂದೇ ಜಾಗದಲ್ಲಿ ಮಣ್ಣಿನ ಕಲೆ. ಕೈಯೊಳಗೆ ಏನೂ ಅಲುಗಾಡಿದ್ದು ಗೊತ್ತಾಗಿರಲಿಲ್ಲ. ನಾನು ಅವನ್ನು ಅಲ್ಲೇ ಚೆಲ್ಲಿ ಸೆರಗಿಗೆ ಕೈ ಒರೆಸಿಕೊಂಡೆ, ಸತ್ತ ಜಿರಲೆ ಮುಟ್ಟಿದವಳ ಹಾಗೆ.

ಆಮೇಲೆ ಕಣ್ಣಿಗೆ ಬೀಳದ್ದೇ ಇಲ್ಲ. ಬೇವಿನ ಮರದ ಎಲೆಗಳಲ್ಲಿ ಒಂದೇ ಕಡೆ ಹುಳು ತಿಂದ ತೂತು. ತಂತಿಯ ಮೇಲೆ ಕೂತ ಕಾಗೆಗಳು ಒಟ್ಟಿಗೆ ಕತ್ತು ತಿರುಗಿಸುತ್ತಿದ್ದವು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರು ಒಬ್ಬರಾದ ಮೇಲೆ ಒಬ್ಬರು ಅದೇ ಕೆಮ್ಮು ಕೆಮ್ಮುತ್ತಿದ್ದರು. ಯಾರನ್ನು ಕೇಳಿದರೂ "ಮೊದ್ಲಿಂದ ಹಿಂಗೇ ಐತಲ್ಲ" ಎನ್ನುವ ಉತ್ತರ.

ನಸೀಮಾಳಿಗೂ ಕಂಡಿತ್ತು, ಅವಳ ಮನೆಯಂಗಳದ ಕೋಳಿಗಳಲ್ಲಿ. ಇಬ್ಬರೂ ಕೂತು ಯೋಚಿಸಿದೆವು. ಒಂದು ಜಾಗದಲ್ಲಿ ಎಷ್ಟು ವಿವರ ಹಿಡಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಇದು ಚಿಪ್‌ನ ಮಿತಿಯಲ್ಲ, ಜಾಗದ್ದೇ ಮಿತಿ. ಕಲ್ಲು, ಗಾಳಿ, ಎಲೆ, ಮನುಷ್ಯರು ಎಲ್ಲರ ವಿವರವೂ ಅದರಲ್ಲೇ ಹಿಡಿಸಬೇಕು. ಅದು ಎಷ್ಟು ದೊಡ್ಡದೆಂದರೆ ನಾವು ಎಂದಾದರೂ ತಲುಪುತ್ತೇವೆಂದು ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಪುಸ್ತಕದ ಲೆಕ್ಕ ತಪ್ಪಿತ್ತೋ ಏನೋ, ಹಿರೇಕಣಿಯಲ್ಲಿ ನಾವು ಅದನ್ನು ತಲುಪಿದ್ದೆವು. ಗುಲಾಬಿಗಳನ್ನು ಇನ್ನೂ ಸುರಿಯುತ್ತಿದ್ದೆವು. ಆಗ ಜಾಗವೇ ನಮ್ಮ ಉಪಾಯ ಹಿಡಿಯಿತು. ಎರಡು ಒಂದೇ ಥರ ಕಂಡರೆ ಒಂದನ್ನು ಇಟ್ಟುಕೊಂಡು ಇನ್ನೊಂದರ ಜಾಗದಲ್ಲಿ ಗುರುತು ಹಾಕಿತು.

"ಮತ್ತೆ ನಮಗೆ ಮಾತ್ರ ಯಾಕೆ ಗೊತ್ತಾಗತ್ತೆ?" ಎಂದಳು ನಸೀಮಾ.

"ಕೋಶದೊಳಗೆ ಒಂದು ಕಣ ತಾನಾಗಿ ಬದಲಾದ್ರೂ ತಕ್ಷಣ ತಿದ್ದುವ ಕಾವಲು ಹಾಕಿದೀವಲ್ಲ. ಅದರ ನಡುವೆ ಕೂತಿದ್ದಾಗ ನಾವೂ ಬಚಾವು. ಮೇಲೆ ಹೋದ್ಮೇಲೆ ನಮ್ಮ ನೆನಪಿಗೆ ಅಲ್ಲಿ ಜೋಡಿಯಿಲ್ಲ. ಊರಿನವರೆಲ್ಲರ ನೆನಪು ಒಂದು ಥರ, ನಮ್ಮಿಬ್ಬರದು ಒಂದು ಥರ. ಜೋಡಿ ಇಲ್ಲದ್ದನ್ನು ಯಾವುದಕ್ಕೆ ಸೇರಿಸೋದು?"

ಹಾಗೆಂದ ಮೇಲೆ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಇದ್ದದ್ದೇ ಜೋಡಿ.

ಆದರೂ ಮನುಷ್ಯರಿಗೆ ಹಾಗಾಗಲಾರದು, ಮನುಷ್ಯರಲ್ಲಿ ವಿವರ ಬಹಳ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಪಕ್ಕದ ಮನೆಯ ಈರಕ್ಕನ ಕುರಿ ಈಯುವ ತನಕ ಉಳಿಯಿತು. ಎರಡು ಮರಿ ಹಾಕಿತ್ತು. ಒಂದು ಪೂರಾ ಕರಿ, ಇನ್ನೊಂದು ಕರಿಯದ್ದೇ ಆದರೆ ಹಣೆಯ ಮೇಲೆ ಬಿಳಿ ಬೊಟ್ಟು. ಹೊನ್ನಿ ಚಿನ್ನಿ ಇಬ್ಬರೂ ಶಾಲೆ ಬಿಟ್ಟ ಕೂಡಲೇ ಆ ಮರಿಗಳ ಹಿಂದೆಯೇ ಓಡುತ್ತಿದ್ದರು. ಒಂದು ಸಂಜೆ ನಾನು ಬಿಲದಿಂದ ಬಂದಾಗ ಹಣೆಬೊಟ್ಟಿನ ಮರಿಯೊಂದೇ ಇತ್ತು.

"ಈರಕ್ಕ, ಕರಿ ಮರಿ ಎಲ್ಲಿ?"

"ಯಾವ ಕರಿ ಮರಿ? ಈ ಸಲ ಒಂದೇ ಹಾಕಿದ್ದು ಕಣವ್ವ." ಈರಕ್ಕ ಹುಲ್ಲಿನ ಕಟ್ಟು ಬಿಚ್ಚುತ್ತಾ ನಿಂತಳು. "ಅದಕ್ಕೇನಾಗೈತೋ ಕಾಣೆ. ಮರಿ ಈ ಕಡೆ ನಿಂತಿದ್ರೆ ಅದು ಆ ಕಡೆ ಮೂಸ್ತೈತೆ."

ತಾಯಿಕುರಿ ತನ್ನ ಪಕ್ಕದ ಬರೀ ನೆಲವನ್ನು ಮೂಸಿ ಮೂಸಿ ಕೂಗುತ್ತಿತ್ತು. ಮರಿ ಒಂದು ಕಡೆಯ ಮೊಲೆ ಕುಡಿದಿತ್ತು. ಇನ್ನೊಂದು ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು. ಊರಿಗೆಲ್ಲ ಮರೆವು ಬಂದರೂ ಅದರ ಕೆಚ್ಚಲಿಗೆ ಬಂದಿರಲಿಲ್ಲ. ಇಷ್ಟು ದಿನ ಎರಡು ಒಂದೇ ಥರ ಆಗುತ್ತಿತ್ತು, ಈಗ ಎರಡು ಸೇರಿ ಒಂದೇ ಆಗಿತ್ತು. ನನಗೆ ಅಷ್ಟು ಭಯ ಹುಟ್ಟಿದ ದಿನ ಇನ್ನೊಂದಿಲ್ಲ.

ಆ ಸಂಜೆಯೇ ಚಿನ್ನಿಯನ್ನು ಹಿತ್ತಲಲ್ಲಿ ಕೂರಿಸಿ ಎರಡೂ ಜಡೆ ಕತ್ತರಿಸಿದೆ. ಹುಡುಗರ ಹಾಗೆ ಮೋಟು ಕ್ರಾಪು ಮಾಡಿದೆ. ಪಾಲಯ್ಯನ ಹಳೆಯ ಅಂಗಿಯೊಂದನ್ನು ಚಿಕ್ಕದು ಮಾಡಿ ತೊಡಿಸಿದೆ. ಹೊನ್ನಿಗೆ ಲಂಗ, ಜಡೆ, ಬಳೆ, ಹೂವು. ಎಷ್ಟು ಸಾಧ್ಯವೋ ಅಷ್ಟು ಬೇರೆ ಮಾಡಬೇಕಿತ್ತು. ಚಿನ್ನಿ ಕನ್ನಡಿಯಲ್ಲಿ ನೋಡಿಕೊಂಡು "ಮ್ಯಾ" ಎಂದಳು. ಹೊನ್ನಿ ಮಾತ್ರ ತನಗಿಲ್ಲವೆಂದು ಅಳತೊಡಗಿದಳು.

ಅತ್ತೆ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ನಿಂತರು. "ಏನೇ ಮಾಡಿಟ್ಟೆ ಚಂದ್ರಿ? ಬುದ್ಧಿ ಐತಾ ನಿಂಗೆ? ಒಂದಕ್ಕೆ ಬೋಳು, ಒಂದಕ್ಕೆ ಜಡೆ?"

"ಅತ್ತೆ, ಇಬ್ಬರೂ ಒಂದೇ ಥರ ಇರಬಾರದು. ನಾನು ಹೇಳಿದ್ರೆ ನಿಮಗೆ ಅರ್ಥ ಆಗಲ್ಲ. ಈರಕ್ಕನ ಮರಿ..."

"ಈರಿ ಮರಿ ಕಟ್ಕೊಂಡು ನಂಗೇನು? ಹುಟ್ಟಿದಾಗಿಂದ ಒಂದು ಕೂದಲಷ್ಟು ಭೇದ ಮಾಡದಂಗೆ ಸಾಕೀನಿ. ಭೇದ ಮಾಡಿದ್ರೆ ಒಂದು ಕೈಬಿಟ್ಟು ಹೋಗ್ತೈತೆ. ನಮ್ಮ ಅಕ್ಕನ ಅವಳಿಯಾಗೆ ನಾನೇ ಕಂಡೀನಿ." ಅವರ ಕಣ್ಣಲ್ಲಿ ನೀರಿತ್ತು. ಅವರದ್ದು ಹಟವಾಗಿರಲಿಲ್ಲ, ನನ್ನ ಹಾಗೆಯೇ ಹೆದರಿಕೆ. ಅದೇ ಹೆದರಿಕೆ, ತಿರುಗಿ ನಿಂತದ್ದು.

ಪಾಲಯ್ಯನಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ, ಹಾಗೆಂದು ನಗಲೂ ಇಲ್ಲ. "ನಾಳೆ ಸಂಕ್ರಾಂತಿ. ನಾಡಿದ್ದು ಬೆಳಿಗ್ಗೆ ಇಬ್ಬರನ್ನೂ ನಿಮ್ಮಮ್ಮನ ಮನೆಗೆ ಹೊಸದುರ್ಗಕ್ಕೆ ಬಿಟ್ಟು ಬರ್ತೀನಿ. ಎಷ್ಟು ದಿನ ಬೇಕೋ ಅಷ್ಟು ದಿನ ಇರ್ಲಿ. ಒಂದು ಹಬ್ಬ ಅಮ್ಮನ ಜೊತೆ ಆಗ್ಲಿ ಬಿಡು," ಎಂದರು. ಕ್ರಾಪು ಮಾಡಿದ ತಲೆ ನೋಡಿದೆ, ಹೂ ಮುಡಿದ ತಲೆ ನೋಡಿದೆ. ಒಂದು ದಿನದ ಮಟ್ಟಿಗೆ ಇಷ್ಟು ವ್ಯತ್ಯಾಸ ಸಾಕು ಎಂದು ನನ್ನ ಲೆಕ್ಕ ಹೇಳಿತು. ಮಿತಿ ಹೇಳುವವಳ ಲೆಕ್ಕ.

ಹಬ್ಬದ ದಿನ ನಮಗೆ ರಜೆಯಿಲ್ಲ. ನಾಡಿಗೆ ನಾಡೇ ಎಳ್ಳುಬೆಲ್ಲದ ಚಿತ್ರ ಕಳಿಸುವ ದಿನ ಅದು. 'ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ' ಎಂಬ ಒಂದೇ ಮಾತು, ಅದೇ ಕಬ್ಬಿನ ಜಲ್ಲೆ, ಅದೇ ಸಕ್ಕರೆ ಅಚ್ಚು, ಕೋಟ್ಯಂತರ. ಬೆಳಿಗ್ಗೆಯಿಂದಲೇ ಕೋಶಕ್ಕೆ ಹೊಳೆ ಹರಿದ ಹಾಗೆ ಬರುತ್ತಿತ್ತು. ನಾನು ಸೋಮಯಾಜಿಯವರಿಗೆ ಕರೆ ಮಾಡಿ, ಇವತ್ತೊಂದು ದಿನ ನಿಲ್ಲಿಸಿ ಎಂದೆ. ಶೇಂಗಾದ ಕಥೆ, ಮರಿಯ ಕಥೆ ಎಲ್ಲ ಹೇಳಿದೆ.

ತೆರೆಯ ಮೇಲೆ ಅವರು ಕಬ್ಬು ಸಿಗಿಯುತ್ತಿದ್ದರು. "ಮೇಡಂ, ಕಡಲೆಕಾಯಿ ಒಂದೇ ಥರ ಇದೆ ಅಂತ ಕೋಶ ನಿಲ್ಲಿಸಿದ್ರೆ ಜನ ಏನಂತಾರೆ ಹೇಳಿ? ನಿಮ್ಮ ಮಿತಿ ಸುಳ್ಳಾಯ್ತು ಅಂತ ಬೇಜಾರಿದೆ, ನನಗರ್ಥ ಆಗತ್ತೆ. ಒಂದು ವಾರ ರಜೆ ತಗೊಳ್ಳಿ. ಹಬ್ಬ ಮುಗೀಲಿ." ತೆರೆ ಆರಿತು.

ಮಧ್ಯಾಹ್ನದ ಹೊತ್ತಿಗೆ ಕೋಶ ಒಮ್ಮೆ ತಡವರಿಸಿತು. ಬರೆಯುವ ವೇಗ ನೆಲ ಕಚ್ಚಿತು, ಇನ್ನೇನು ನಿಂತೇಬಿಟ್ಟಿತು ಎನ್ನುವಾಗ ಮತ್ತೆ ಸಲೀಸಾಯಿತು. ಎಲ್ಲಿಂದಲೋ ದೊಡ್ಡ ಜಾಗ ಸಿಕ್ಕಿದ ಹಾಗೆ. ನಸೀಮಾ ನನ್ನ ಮುಖ ನೋಡಿದಳು. ನಾನು ಲಿಫ್ಟಿನ ಕಡೆಗೆ ಓಡಿದೆ.

ಬೀದಿಯಲ್ಲಿ ಹೆಣ್ಣುಮಕ್ಕಳು ಎಳ್ಳು ಬೀರುತ್ತಾ ಮನೆಯಿಂದ ಮನೆಗೆ ಹೋಗುತ್ತಿದ್ದರು. ಎಲ್ಲರ ನಗುವೂ ಒಂದೇ ಎತ್ತರಕ್ಕೆ ಏರಿ ಇಳಿಯುತ್ತಿತ್ತು. ನಮ್ಮ ಮನೆಯ ಜಗಲಿಯ ಮೇಲೆ ಒಂದು ಮಗು ಕೂತಿತ್ತು. ಹೊಸ ಲಂಗ, ಮೋಟು ಕ್ರಾಪು.

ಕ್ರಾಪು ನೋಡಿ ಚಿನ್ನಿ ಎಂದುಕೊಂಡೆ. ಕಿವಿಯ ಹಿಂದೆ ನೋಡಿದೆ. ಮಚ್ಚೆ ಇರಲಿಲ್ಲ.

"ಹೊನ್ನಿ, ಚಿನ್ನಿ ಎಲ್ಲಮ್ಮ?"

"ಯಾರು?" ಎಂದಳು ಹೊನ್ನಿ.

ಒಳಗೆ ಓಡಿದೆ. ಗೂಟಕ್ಕೆ ಒಂದೇ ಶಾಲೆಚೀಲ ನೇತುಹಾಕಿತ್ತು. ಹೊಸಿಲಿನ ಪಕ್ಕ ಚಿಕ್ಕ ಚಪ್ಪಲಿ ಒಂದೇ ಜೊತೆ. ಅತ್ತೆ ಒಲೆಯ ಮುಂದೆ ಪೊಂಗಲು ತಿರುವುತ್ತಿದ್ದರು.

"ಅತ್ತೆ, ಹೊನ್ನಿಯ ಕೂದಲು..."

"ಬೈಬ್ಯಾಡ ಚಂದ್ರಿ," ಎಂದರು ಅತ್ತೆ ತಲೆ ಎತ್ತದೆ. "ಹಬ್ಬದ ದಿನ ಕೂದಲು ಕತ್ತರಿಸಬಾರ್ದು ಅಂತ ನಂಗೂ ಗೊತ್ತು. ಬೆಳಿಗ್ಗೆ ನೀನು ಹೋದ ಮ್ಯಾಲೆ ನಾನೇ ಕತ್ತರಿಸ್ದೆ. ಯಾಕೆ ಕತ್ತರಿಸ್ದೆ ಅಂತ..." ಸೌಟು ನಿಂತಿತು. "ಯಾಕೆ ಕತ್ತರಿಸ್ದೆ ಅಂತ ಆಗಿಂದ ನೆನಪು ಮಾಡ್ಕೊಂತಾ ಇದೀನಿ. ಹೊಳೀವಲ್ದು. ಚಂದಾಗಿತ್ತಲ್ಲ ಜಡೆ."

ನನಗೆ ಅವರ ಮೇಲೆ ಕೂಗಾಡಬೇಕೆನಿಸಿತು. ಯಾವುದಕ್ಕೆಂದು ಕೂಗಾಡುವುದು? ಭೇದ ಮಾಡದೆ ಎರಡನ್ನೂ ಉಳಿಸಿಕೊಳ್ಳಲು ಹೊರಟವರು, ಈಗ ಎರಡಿತ್ತು ಎನ್ನುವುದೇ ಗೊತ್ತಿಲ್ಲದೆ ಪೊಂಗಲು ಮಾಡುತ್ತಿದ್ದರು. ಪಾಲಯ್ಯ ಕಬ್ಬಿನ ತುಂಡು ಹಿಡಿದು ಬಂದು, "ಏ ಹೊನ್ನೀ" ಎಂದು ಒಂದೇ ಹೆಸರು ಕೂಗಿದರು. ಆ ಕೂಗು ಕೇಳಿ ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದೆ.

ಕೆಳಗೆ ನಸೀಮಾ ಎದ್ದು ನಿಂತಿದ್ದಳು. ನಾನು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು.

"ಅಳಿಸಬೇಕು," ಎಂದೆ. "ಎಲ್ಲ. ಪೂರಾ. ಜಾಗ ಬಿಡುವಾದ್ರೆ ಚಿನ್ನಿನ ಬಿಟ್ಟುಕೊಡತ್ತೆ."

ಅದಕ್ಕೆ ಇಬ್ಬರ ಅಂಗೈ ಒಟ್ಟಿಗೆ ಬೇಕು, ಒಂದು ನನ್ನದು, ಇನ್ನೊಂದು ಅವಳದು. ನಸೀಮಾ ತೆರೆಯ ಕಡೆ ತಿರುಗಿದಳು. "ನಮ್ಮ ಅಬ್ಬಾ ಹಾಡಿದ್ದು ಒಂದೇ ಒಂದು ವಿಡಿಯೊ ಅಕ್ಕಾ. ಅದೂ ಇದರೊಳಗೇ ಇದೆ," ಎಂದಳು. ಅವಳೇ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟಳು. ಪಕ್ಕದಲ್ಲಿ ನಾನು ಇಟ್ಟೆ.

ಬರೆಯುವುದು ಸಲೀಸು, ಅಳಿಸಿದರೆ ಶಾಖ ಹೊರಬರಲೇಬೇಕು. ಇದು ಪ್ರಕೃತಿಯ ನಿಯಮ, ಇದರಲ್ಲಿ ಯಾವ ಎಂಜಿನಿಯರಿಗೂ ಇನ್ನೂ ಸಂದಿ ಸಿಕ್ಕಿಲ್ಲ. ಕೋಟ್ಯಂತರ ಗುಲಾಬಿ, ಮದುವೆ, ನಾಮಕರಣ, ಮಗುವಿನ ಮೊದಲ ಹೆಜ್ಜೆ ಎಲ್ಲ ಕಾವಾಗಿ ಗೋಡೆಗಿಳಿಯಿತು. ತಂಪು ಕೊಳವೆಗಳು ಕೂಗಿದವು. ಗಣಿಯ ತಳದಲ್ಲಿ ನಿಂತಿದ್ದ ಹಳೆಯ ನೀರು ಕುದಿಯತೊಡಗಿತು. ನಾವು ಲಿಫ್ಟ್ ಹತ್ತುವಾಗ ಸರಳುಗಳು ಮುಟ್ಟಲಾಗದಷ್ಟು ಬಿಸಿಯಾಗಿದ್ದವು. ಮೇಲೆ ಬಂದರೆ ಊರಿನ ಸುತ್ತಲಿನ ಹಳೆಯ ಗಣಿಬಾವಿಗಳಿಂದೆಲ್ಲ ಬಿಳಿ ಹಬೆ ಏಳುತ್ತಿತ್ತು. ಜನ ಬೀದಿಯಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಒಬ್ಬೊಬ್ಬರು ಒಂದೊಂದು ಥರ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ನನಗೆ ಅಳು ಬಂತು.

ನನ್ನ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ನಾಡಿನ ನೆನಪನ್ನು ಸುಟ್ಟವಳು ಎಂದು ಪತ್ರಿಕೆಗಳು ಬರೆದವು, ಸೋಮಯಾಜಿಯವರೂ ಹೇಳಿಕೆ ಕೊಟ್ಟರು. ನಸೀಮಾ ನನಗಿಂತ ಧೈರ್ಯವಾಗಿ ಉತ್ತರ ಕೊಡುತ್ತಿದ್ದಾಳೆ. ಏನು ಶಿಕ್ಷೆ ಕೊಟ್ಟರೂ ಕೊಡಲಿ. ನಾನು ಹೇಳಬೇಕಾದದ್ದು ಅದಲ್ಲ.

ಆ ಸಂಜೆ ಮನೆಯ ಕಡೆಗೆ ಓಡುವಾಗ ಈರಕ್ಕನ ಅಂಗಳದಲ್ಲಿ ತಾಯಿಕುರಿ ಕೂಗುವುದನ್ನು ನಿಲ್ಲಿಸಿತ್ತು. ಅದರ ಎರಡು ಪಕ್ಕದಲ್ಲೂ ಎರಡು ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿದ್ದವು. ದೇವರೇ ಎಂದು ನಿಂತೆ. ಮರಿಗಳು ತಲೆ ಎತ್ತಿದವು. ಎರಡರ ಹಣೆಯ ಮೇಲೂ ಬಿಳಿ ಬೊಟ್ಟು ಇತ್ತು.

"ಈರಕ್ಕ, ಒಂದು ಪೂರಾ ಕರಿ ಇತ್ತಲ್ಲ?"

"ಇಲ್ಲವ್ವ, ಎರಡೂ ಹಣೆಬೊಟ್ಟಿನವೇ. ಎಷ್ಟು ಚಂದ ಅದಾವೆ ನೋಡು."

ಅಲ್ಲಿಂದ ಮನೆಗೆ ಹತ್ತು ಮಾರು ದೂರ. ಅಷ್ಟು ನಿಧಾನವಾಗಿ ನಾನು ಎಂದೂ ನಡೆದಿರಲಿಲ್ಲ.

ಒಳಗೆ ಅತ್ತೆ "ಹೊನ್ನೀ, ಚಿನ್ನೀ, ಊಟಕ್ಕೆ ಬರ್ರೇ" ಎಂದು ಕೂಗುತ್ತಿದ್ದರು. ಎರಡು ಹೆಸರು. ಗೂಟದಲ್ಲಿ ಎರಡು ಚೀಲ, ಹೊಸಿಲ ಪಕ್ಕ ಎರಡು ಜೊತೆ ಚಪ್ಪಲಿ. ಎರಡು ಮೋಟು ಕ್ರಾಪಿನ ತಲೆಗಳು ಅಡುಗೆಮನೆಗೆ ಓಡಿ ಬಂದವು. ನಾನು ಇಬ್ಬರನ್ನೂ ಸೆಳೆದು ಅಪ್ಪಿಕೊಂಡೆ. ಇಬ್ಬರಿಗೂ ಒಂದೇ ಕೊಬ್ಬರಿಯೆಣ್ಣೆಯ ವಾಸನೆ. ಅಪ್ಪಿಕೊಂಡೇ ಒಬ್ಬಳ ಎಡಗಿವಿಯನ್ನು ಮಡಿಸಿ ನೋಡಿದೆ, ಆಮೇಲೆ ಇನ್ನೊಬ್ಬಳದನ್ನು. ಎರಡೂ ಕಡೆ ಬರೀ ಚರ್ಮ.

ಅತ್ತೆ ಎರಡು ತಟ್ಟೆಗೆ ಚಿತ್ರಾನ್ನ ಬಡಿಸಿದರು, ಅಳತೆ ಹಿಡಿದ ಹಾಗೆ ಸಮಸಮ. ಮಕ್ಕಳು ತಿನ್ನತೊಡಗಿದರು. ನಾನು ಎದುರಿಗೆ ಕೂತು ನೋಡಿದೆ. ಒಬ್ಬಳು ಒಂದು ಕರಿಬೇವಿನ ಎಲೆ ಆಯ್ದು ತಟ್ಟೆಯ ಅಂಚಿಗೆ ಅಂಟಿಸಿದಳು. ಇನ್ನೊಬ್ಬಳು ಒಂದು ಎಲೆ ಆಯ್ದಳು. ಬಾಯಿಗೆ ಹಾಕಿಕೋ ತಾಯಿ, ಒಂದೇ ಒಂದು ಸಲ ಬಾಯಿಗೆ ಹಾಕಿಕೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಅದನ್ನು ತಟ್ಟೆಯ ಅಂಚಿಗೆ ಅಂಟಿಸಿದಳು. ಎರಡು ತಟ್ಟೆಯಲ್ಲೂ ಎಲೆಗಳ ಸಾಲು ಒಂದೇ ಸಮ ಬೆಳೆಯಿತು.

"ನನ್ ಮೇಕೆ ಯಾರೇ?" ಎಂದೆ.

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. "ಮೇಕೆನಾ? ಯಾವ ಮೇಕೆ ಅಮ್ಮಾ?"

ಅತ್ತೆಗೆ ಹಿಗ್ಗೋ ಹಿಗ್ಗು. "ನೋಡ್ದೇನೇ ಚಂದ್ರಿ, ಮಾತೂ ಒಂದೇ, ಊಟಾನೂ ಒಂದೇ. ಒಂದು ಕೂದಲಷ್ಟು ಭೇದ ಇಲ್ಲ. ನನ್ನ ಕಣ್ಣೇ ಬಿದ್ದೀತು," ಎಂದು ಇಬ್ಬರ ಮುಖವನ್ನೂ ನೀವಿ ನೆಟಿಕೆ ಮುರಿದರು. ಪಾಲಯ್ಯ ನಕ್ಕರು. ಮನೆಯಲ್ಲಿ ಯಾರೂ ಕಡಿಮೆಯಾಗಿರಲಿಲ್ಲ. ನನ್ನ ಚಿನ್ನಿ ಸತ್ತಿದ್ದಳು, ಅಳುತ್ತೇನೆಂದರೆ ಯಾರಿಗಾಗಿ ಎಂದು ಕೇಳಿಯಾರು. ಎದುರಿಗೆ ಕೂತ ಈ ಮಗುವಿಗೆ ಅವಳ ಹೆಸರಿದೆ. ಅವಳು ನನ್ನನ್ನು ಅಮ್ಮ ಎನ್ನುತ್ತಾಳೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳನ್ನು ಪ್ರೀತಿಸದೆ ಇರಲೂ ನನ್ನಿಂದಾಗದು.

"ಅಮ್ಮಾ, ನಂಗೆ ಇದು ಬ್ಯಾಡ," ಎಂದು ಅವಳು ತಟ್ಟೆಯನ್ನು ನನ್ನ ಕಡೆಗೆ ತಳ್ಳಿದಳು.

ಅಂಚಿನಲ್ಲಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದು ನಾನೇ ಅಗಿದು ನುಂಗಿದೆ.